ಹಿಮದ ನಾಡಿನ ಹಕ್ಕಿಗೆ ನಮ್ಮ ಗುರೆಳ್ಳು

ಕೆರೆ ಹೆಪ್ಪುಗಟ್ಟಿ, ಮರ ಬೋಳಾದ ಮೇಲೆಯೇ ಅಮೆರಿಕದ ಮಿಶಿಗನ್ ರಾಜ್ಯದ ನಿಸರ್ಗ ಕೇಂದ್ರಗಳಿಗೆ ಕಳೆ ಬರುತ್ತದೆ. ಹಕ್ಕಿಗೆ ಹಿಡಿ ಕಾಳು ಹಾಕುವ ಹವ್ಯಾಸ ಅಲ್ಲಿ ಎಣಿಕೆಯಾಗಿ, ಎಣಿಕೆ ವಿಜ್ಞಾನವಾಗಿ ಬೆಳೆದಿದೆ.

ಸೂರ್ಯಕಾಂತಿ, ಕುಸುಬೆ, ಗುರೆಳ್ಳು, ಬರಗು, ಶೇಂಗಾ, ಮೆಕ್ಕೆಜೋಳದ ನುಚ್ಚು. ಪಟ್ಟಿ ಓದಿದವರಿಗೆ ವಿಜಯಪುರದ್ದೋ ಗದಗಿನದ್ದೋ ಎಪಿಎಂಸಿ ಅಂಗಳ ನೆನಪಾದರೆ ತಪ್ಪಿಲ್ಲ. ಈ ಚೀಲಗಳು ಸಾಲಾಗಿ ನಿಂತಿರುವುದು ಮಾತ್ರ ಮಿಶಿಗನ್ನಿನ ಅಂಗಡಿಗಳಲ್ಲಿ. ಕೊಳ್ಳುವವರು ಮನುಷ್ಯರು, ತಿನ್ನುವವು ಹಕ್ಕಿಗಳು. ನವೆಂಬರ್ ಕಾಲಿಡುತ್ತಿದ್ದಂತೆ ದಿನಸಿ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲೆಲ್ಲ ಹಕ್ಕಿಕಾಳಿನ ಚೀಲಗಳು ಬಾಗಿಲ ಹತ್ತಿರಕ್ಕೆ ಬಂದು ಕೂರುತ್ತವೆ. ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ 2016ರ ಸಮೀಕ್ಷೆಯಂತೆ, ಮನೆಯ ಸುತ್ತಮುತ್ತ ಕಾಡುಹಕ್ಕಿಗಳಿಗೆ ಕಾಳು ಹಾಕುವವರ ಸಂಖ್ಯೆ ಆ ದೇಶದಲ್ಲಿ ಸುಮಾರು 5.7 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಹೆಚ್ಚುಕಡಿಮೆ ಒಂದು ರಾಜ್ಯಕ್ಕೆ ರಾಜ್ಯವೇ ಕಾಳಿನ ಡಬ್ಬಿ ಹಿಡಿದು ಹಿತ್ತಲಿಗೆ ಬಂದಂತಾಯಿತು.

ಇಷ್ಟು ಜನ ಹಾಕುವ ಇಷ್ಟೊಂದು ಕಾಳಿನಿಂದ ಹಕ್ಕಿಗೆ ಆಗುವ ಉಪಕಾರವೆಷ್ಟು? ಈ ಪ್ರಶ್ನೆಯನ್ನು ಭಾವುಕತೆ ಬದಿಗಿಟ್ಟು ಕೇಳಿಕೊಂಡವರಿದ್ದಾರೆ. ಅವರಿಗೆ ಸಿಕ್ಕ ಉತ್ತರ ತಿಳಿಯಲು ಊರಂಚಿನ ಯಾವುದಾದರೂ ನಿಸರ್ಗ ಕೇಂದ್ರದಲ್ಲಿ ಒಂದು ಚಳಿಗಾಲ ಹೇಗೆ ಕಳೆಯುತ್ತದೆಂದು ನೋಡಬೇಕು.

ತೆರಿಗೆ ಕಟ್ಟಿ ಉಳಿಸಿಕೊಂಡ ಕಾಡು

ಊರಂಚಿನ ಒಂದಿಷ್ಟು ಕಾಡು, ಕೆರೆ, ಜೌಗು. ನಡುವೆ ಕಾಲುದಾರಿ, ಕೆಸರಿರುವಲ್ಲಿ ಹಲಗೆಯ ಹಾದಿ. ಒಂದು ಪುಟ್ಟ ಕಟ್ಟಡ. ಅದರಲ್ಲಿ ಗಿಡಮರ ಹಕ್ಕಿಪಕ್ಷಿಗಳ ವಿಚಾರ ತಿಳಿಸಿ ಹೇಳುವ ಕೆಲವು ಸಿಬ್ಬಂದಿ, ಅವರ ಬೆನ್ನಿಗೆ ನಿಂತ ಸ್ವಯಂಸೇವಕರು. ಇಷ್ಟಿದ್ದರೆ ಅಮೆರಿಕದಲ್ಲಿ ಅದು ನೇಚರ್ ಸೆಂಟರ್. ಡೆಟ್ರಾಯಿಟ್ ನಗರದಿಂದ ವಾಯವ್ಯಕ್ಕಿರುವ ಕೆನ್ಸಿಂಗ್ಟನ್ ಮೆಟ್ರೋಪಾರ್ಕಿನಲ್ಲಿ ಇಂಥದೊಂದು ಕೇಂದ್ರವಿದೆ. ಹ್ಯೂರನ್ ನದಿಗೆ ಅಡ್ಡಕಟ್ಟೆ ಹಾಕಿದ್ದರಿಂದ ಹರಡಿಕೊಂಡ ಕೆಂಟ್ ಕೆರೆಯ ಸುತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಜಾಗ. ಉದ್ಯಾನ ಜನರಿಗೆ ತೆರೆದದ್ದು 1948ರಲ್ಲಿ. ಅದಕ್ಕೂ ಮೊದಲು, 1940ರಲ್ಲಿ, ಡೆಟ್ರಾಯಿಟ್ ಸುತ್ತಲಿನ 5 ಕೌಂಟಿಗಳ ಮತದಾರರು ಇಂಥ ಉದ್ಯಾನಗಳಿಗಾಗಿ ತಮ್ಮ ಆಸ್ತಿ ತೆರಿಗೆಯ ಒಂದು ಸಣ್ಣ ಪಾಲು ಕೊಡಲು ಒಪ್ಪಿ ಮತ ಹಾಕಿದ್ದರು. ಇಂದು ಆ ವ್ಯವಸ್ಥೆಯಡಿ 13 ಉದ್ಯಾನಗಳಿವೆ.

ಮೋಟಾರು ಕಂಪನಿಗಳ ಕೆಲಸಕ್ಕೆಂದು ಬಂದು ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ನೆಲೆಸಿದ ಕನ್ನಡಿಗರಿಗೆ ಇದು ದೂರದ ಜಾಗವಲ್ಲ. ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಕೆರೆದಂಡೆಯೇ ಜನವರಿಯಲ್ಲಿ ಗುರುತು ಸಿಗದಂತೆ ಬದಲಾಗಿರುತ್ತದೆ. ನೀರು ಗಟ್ಟಿಯಾಗಿ, ಅದರ ಮೇಲೆ ಜನ ತೂತು ಕೊರೆದು ಗಾಳ ಹಾಕಿ ಕುಳಿತಿರುತ್ತಾರೆ. ಊರಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜ ಅಜ್ಜಿಯರು ಕಿಟಕಿಯಾಚೆಯ ಬಿಳುಪನ್ನು ನೋಡಿ ನೋಡಿ ಬೇಸತ್ತ ಹೊತ್ತಿಗೆ, ಭಾನುವಾರ ಮಕ್ಕಳು ಅವರಿಗೆ ಎರಡೆರಡು ಸ್ವೆಟರ್ ಹಾಕಿಸಿ ಕರೆದುಕೊಂಡು ಹೊರಡುವುದು ಇಂಥಲ್ಲಿಗೇ.

ಅಂಗೈ ಮೇಲಿನ 11 ಗ್ರಾಂ

ಕೆನ್ಸಿಂಗ್ಟನ್ ಹೆಸರಾಗಿರುವುದು ಕೈ ಮೇಲೆ ಕೂತು ಕಾಳು ತಿನ್ನುವ ಹಕ್ಕಿಗಳಿಗೆ. ಅದಕ್ಕೊಂದು ಕ್ರಮವಿದೆ. ಕಾಲುದಾರಿಯಲ್ಲಿ ಪೊದೆಗಳ ಪಕ್ಕ ನಿಲ್ಲಬೇಕು. ಅಂಗೈಯನ್ನು ಪೂರ್ತಿ ಬಿಡಿಸಿ, ಮೇಲೆ ನಾಲ್ಕು ಸೂರ್ಯಕಾಂತಿ ಬೀಜ ಇಟ್ಟು, ಕೈ ಚಾಚಿ, ಅಲ್ಲಾಡದೆ ಇರಬೇಕು. ಮಕ್ಕಳಿಗೆ ಕಷ್ಟವಾಗುವುದು ಈ ಕೊನೆಯದೇ. ಮೊದಲು ಪೊದೆಯೊಳಗಿಂದ ಗದ್ದಲ ಕೇಳುತ್ತದೆ. ಆಮೇಲೆ ಕರಿ ಟೋಪಿ, ಕರಿ ಗದ್ದ, ಬಿಳಿ ಕೆನ್ನೆಯ ಪುಟಾಣಿಯೊಂದು ಬೆರಳ ತುದಿಗೆ ಬಂದಿಳಿದು, ಒಂದು ಬೀಜ ಆರಿಸಿ, ಹಾರಿಹೋಗುತ್ತದೆ. ಒಂದೇ ಒಂದು ಬೀಜ. ಅದನ್ನು ಹತ್ತಿರದ ಕೊಂಬೆಗೆ ಒಯ್ದು, ಎರಡು ಕಾಲುಗಳ ನಡುವೆ ಅದುಮಿ ಹಿಡಿದು, ಕೊಕ್ಕಿನಿಂದ ಕುಟ್ಟಿ ಒಡೆದು ತಿಂದು ಮತ್ತೆ ಬರುತ್ತದೆ.

ಇದು ಕರಿಟೋಪಿ ಚಿಕಡೀ. ನಮ್ಮ ತೋಟ ಕಾಡುಗಳಲ್ಲಿ ಕಾಣುವ ಚೇಕಡಿ ಹಕ್ಕಿಯ ನೆಂಟ. ತೂಕ ಸುಮಾರು 11 ಗ್ರಾಂ. ಮೈನಸ್ 20 ಡಿಗ್ರಿಯ ರಾತ್ರಿಯಲ್ಲಿ ಇಷ್ಟು ಸಣ್ಣ ದೇಹ ಬಿಸಿಯಾಗಿ ಉಳಿಯುವುದೇ ಒಂದು ಸಾಹಸ. ದೇಹ ಚಿಕ್ಕದಾದಷ್ಟೂ, ತೂಕಕ್ಕೆ ಹೋಲಿಸಿದರೆ, ಅದು ಕಳೆದುಕೊಳ್ಳುವ ಶಾಖದ ಪ್ರಮಾಣ ಹೆಚ್ಚು. ಅದಕ್ಕೆ ಚಿಕಡೀ ಹಗಲೆಲ್ಲ ತಿಂದು ಕೊಬ್ಬು ಕೂಡಿಸುತ್ತದೆ, ರಾತ್ರಿ ಮರದ ಪೊಟರೆಯಲ್ಲಿ ರೆಕ್ಕೆಪುಕ್ಕ ಉಬ್ಬಿಸಿಕೊಂಡು, ನಡುಗುತ್ತಾ ನಡುಗುತ್ತಾ ಆ ಕೊಬ್ಬನ್ನು ಕರಗಿಸುತ್ತದೆ. ಅಷ್ಟೂ ಸಾಲದೆ ಬಂದಾಗ ತನ್ನ ಮೈಯ ಬಿಸಿಯನ್ನೇ ಇಳಿಸಿಕೊಳ್ಳುತ್ತದೆ. ಹಗಲು ಸುಮಾರು 42 ಡಿಗ್ರಿ ಇದ್ದ ಮೈಶಾಖ ರಾತ್ರಿ 10 ಡಿಗ್ರಿಗೂ ಹೆಚ್ಚು ಕೆಳಗಿಳಿಯಬಲ್ಲದು. ಬೆಳಗಾಗುವ ಹೊತ್ತಿಗೆ ಜೇಬು ಬರಿದಾಗಿರುತ್ತದೆ. ದುಡಿಮೆ ಮತ್ತೆ ಮೊದಲಿನಿಂದ ಶುರು.

ಬೀಜಗಳನ್ನೆಲ್ಲ ಅದು ಕೂಡಲೇ ತಿನ್ನುವುದಿಲ್ಲ. ತೊಗಟೆಯ ಸಂದು, ಕಲ್ಲುಹೂವಿನ ಅಡಿ, ಸುರುಳಿ ಸುತ್ತಿದ ಒಣ ಎಲೆ, ಹೀಗೆ ಒಂದೊಂದು ಬೀಜವನ್ನು ಒಂದೊಂದು ಕಡೆ ಬಚ್ಚಿಡುತ್ತದೆ. ದಿನಗಳ, ವಾರಗಳ ನಂತರ ನೇರವಾಗಿ ಆ ಜಾಗಕ್ಕೇ ಬಂದು ತೆಗೆಯುತ್ತದೆ. ಅಲಾಸ್ಕಾದ ಚಿಕಡೀಗಳನ್ನು ಕೊಲರಾಡೊದವುಗಳ ಜೊತೆ ಹೋಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲದ ಸಂಗತಿ ಹೊರಗೆಡವಿತು. ಹೆಚ್ಚು ಚಳಿಯ ಅಲಾಸ್ಕಾದ ಹಕ್ಕಿಗಳು ಹೆಚ್ಚು ಬಚ್ಚಿಡುತ್ತಿದ್ದವು, ಬಚ್ಚಿಟ್ಟದ್ದನ್ನು ಹೆಚ್ಚು ಸರಿಯಾಗಿ ಹುಡುಕುತ್ತಿದ್ದವು. ಮಿದುಳಿನಲ್ಲಿ ಜಾಗದ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗವೂ ಅವುಗಳಲ್ಲಿ ದೊಡ್ಡದಿತ್ತು.

ಅದರ ಗದ್ದಲಕ್ಕೂ ಅರ್ಥವಿದೆ. ಬೇಟೆಗಾರ ಹಕ್ಕಿ ಕಂಡಾಗ ಕೂಗಿನ ಕೊನೆಯಲ್ಲಿ ಬರುವ ‘ಡೀ ಡೀ’ ಎಷ್ಟು ಸಲ ಎಂಬುದು ಅಪಾಯದ ಪ್ರಮಾಣ ಸೂಚಿಸುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ದೊಡ್ಡ ಗೂಬೆಗಿಂತ ಚುರುಕಾದ ಕುಬ್ಜ ಗೂಬೆಯೇ ಚಿಕಡೀಗೆ ಹೆಚ್ಚು ಅಪಾಯಕಾರಿ. ಅದಕ್ಕೇ ಚಿಕ್ಕ ಗೂಬೆಗೆ ‘ಡೀ’ಗಳು ಹೆಚ್ಚು. ಪಕ್ಕದಲ್ಲಿ ತಲೆಕೆಳಗಾಗಿ ಮರ ಇಳಿಯುವ ನಟ್‌ಹ್ಯಾಚ್ ಹಕ್ಕಿಗಳೂ ಈ ಸುದ್ದಿಗೆ ಕಿವಿಗೊಟ್ಟು ಜಾಗ್ರತೆಯಾಗುತ್ತವೆ.

ಯಾರಿಗೆ ಯಾವ ಕಾಳು

ಎಲ್ಲ ಹಕ್ಕಿಗೂ ಒಂದೇ ಊಟ ನಡೆಯುವುದಿಲ್ಲ. ನಿಸರ್ಗ ಕೇಂದ್ರದ ದೊಡ್ಡ ಕಿಟಕಿಯ ಮುಂದೆ ಕಾಳು ತುಂಬಿಡುವ ನಾಲ್ಕಾರು ಬಗೆಯ ಗೂಡುಗಳು (ಫೀಡರ್) ತೂಗಾಡುತ್ತಿರುತ್ತವೆ. ಒಂದೊಂದಕ್ಕೂ ಒಂದೊಂದು ಪಂಗಡದ ಗಿರಾಕಿಗಳು.

ಕರಿ ಸಿಪ್ಪೆಯ ಎಣ್ಣೆ ಸೂರ್ಯಕಾಂತಿ ಹೆಚ್ಚು ಹಕ್ಕಿಗಳಿಗೆ ಒಪ್ಪುವ ಕಾಳು. ಸಿಪ್ಪೆ ತೆಳು, ಎಣ್ಣೆ ಜಾಸ್ತಿ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕವೇ. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ಗಿಡ ಅದು. 16ನೇ ಶತಮಾನದಲ್ಲಿ ಯುರೋಪಿಗೆ ಹೋಗಿ, ರಷ್ಯಾದಲ್ಲಿ ಎಣ್ಣೆಬೀಜವಾಗಿ ಬೆಳೆದು, ಸೋವಿಯತ್ ತಳಿವಿಜ್ಞಾನಿಗಳ ಕೈಯಲ್ಲಿ ಎಣ್ಣೆ ತುಂಬಿಕೊಂಡು ತವರಿಗೆ ಮರಳಿತು. ಅದೇ ಸೋವಿಯತ್ ತಳಿಗಳು 1969ರ ಸುಮಾರಿಗೆ ಭಾರತಕ್ಕೂ ಬಂದವು. ಮುಂದೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್-1 ಎಂಬ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಕೊಟ್ಟಿತು. ಮಿಶಿಗನ್ನಿನ ಚಿಕಡೀ ಕುಟ್ಟುವ ಬೀಜಕ್ಕೂ ಬಳ್ಳಾರಿ ಸೀಮೆಯ ಹೊಲಕ್ಕೂ ಹೀಗೆ ರಷ್ಯಾದ ಕಡೆಯಿಂದೊಂದು ನಂಟು.

ಕುಸುಬೆ ಕಾರ್ಡಿನಲ್ ಹಕ್ಕಿಯ ಪಾಲು. ಹಿಮದ ನಡುವೆ ಕೆಂಡದ ಬಣ್ಣ ಹೊತ್ತು ಕೂರುವ ಗಂಡು ಕಾರ್ಡಿನಲ್ಲಿನ ದಪ್ಪ ಕೊಕ್ಕಿಗೆ ಕುಸುಬೆಯ ಗಟ್ಟಿ ಸಿಪ್ಪೆ ಲೆಕ್ಕಕ್ಕಿಲ್ಲ. ಅಳಿಲುಗಳಿಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಅಳಿಲಿನ ಕಾಟಕ್ಕೆ ಸೋತವರು ಕುಸುಬೆಯ ಮೊರೆ ಹೋಗುವುದು ಇದಕ್ಕೇ. ಬರಗನ್ನು ನೆಲಕ್ಕೆ ಚೆಲ್ಲುತ್ತಾರೆ. ಉತ್ತರದ ಕಾಡುಗಳಿಂದ ಚಳಿಗಾಲ ಕಳೆಯಲು ಇಳಿದು ಬರುವ ಬೂದು ಜಂಕೊಗಳು ಗೂಡಿನ ಮೇಲೆ ಕೂರುವುದಕ್ಕಿಂತ ಹಿಮ ಕೆದರಿ ಆರಿಸಿ ತಿನ್ನುವುದನ್ನೇ ಇಷ್ಟಪಡುತ್ತವೆ. ಮರಕುಟಿಗಗಳಿಗೆ ದನದ ಕೊಬ್ಬಿನ ಅಚ್ಚು. ಅದನ್ನು ಮುಟ್ಟಲೊಲ್ಲದ ಮನೆಯವರು ಪೈನ್ ಮರದ ಕಾಯಿಗೆ ಶೇಂಗಾ ಬೆಣ್ಣೆ ಮೆತ್ತಿ, ಕಾಳಿನಲ್ಲಿ ಹೊರಳಿಸಿ ತೂಗುಹಾಕುತ್ತಾರೆ. ನಿಸರ್ಗ ಕೇಂದ್ರಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಕೈಕೆಲಸ ಇದೇ. ಅರ್ಧ ಬೆಣ್ಣೆ ಮಕ್ಕಳ ಕೋಟಿನ ತೋಳಿಗೆ ಹೋಗುತ್ತದೆ.

ಉಳಿದದ್ದು ಗುರೆಳ್ಳು. ಹಳೇ ಮೈಸೂರಿನವರ ಬಾಯಲ್ಲಿ ಹುಚ್ಚೆಳ್ಳು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಅರಳಿಸಿ ನಿಲ್ಲುವ ಅದೇ ಬೆಳೆ. ಉದ್ದನೆಯ ಕೊಳವೆಯಲ್ಲಿ ಸೂಜಿಯ ಕಣ್ಣಿನಂಥ ತೂತುಗಳು, ಒಳಗೆ ಕಪ್ಪಗೆ ಮಿರುಗುವ ಗುರೆಳ್ಳು, ಹೊರಗೆ ತೂಗುಬಿದ್ದ ಗೋಲ್ಡ್‌ಫಿಂಚ್ ಹಕ್ಕಿಗಳು. ಬೇಸಿಗೆಯಲ್ಲಿ ಬಂಗಾರದ ಬಣ್ಣಕ್ಕಿರುವ ಇವು ಚಳಿಗಾಲದಲ್ಲಿ ಮಾಸಲು ಅಂಗಿ ತೊಟ್ಟಿರುತ್ತವೆ. ಅಮೆರಿಕಕ್ಕೆ ಗುರೆಳ್ಳು ಹೋಗುವುದು ಮುಖ್ಯವಾಗಿ ಇಥಿಯೋಪಿಯಾ ಮತ್ತು ಭಾರತದಿಂದ. ಅದರ ಜೊತೆ ಕಸ್ಕ್ಯೂಟದಂಥ ಪರಾವಲಂಬಿ ಬಳ್ಳಿಯ ಬೀಜ ನುಸುಳಬಾರದೆಂದು ಬಿಸಿ ಹಾಯಿಸಿದ ಮೇಲಷ್ಟೇ ದೇಶದೊಳಕ್ಕೆ ಬಿಡುತ್ತಾರೆ.

ವಿಜಯಪುರ ಕಡೆಯ ಅಜ್ಜಿಯೊಬ್ಬರು ಇಂಥ ಕೊಳವೆಯ ಮುಂದೆ ನಿಂತು, ಕೆಳಗೆ ಉದುರಿದ ಕಾಳನ್ನು ಕೈಗವಸು ತೆಗೆದು ಮುಟ್ಟಿ ನೋಡಿದರು. “ಅಯ್ಯ ನಮ್ಮವ್ವಾ, ಇದು ಗುರೆಳ್ಳ! ಇಷ್ಟ್ ದೂರ ಬಂದು ಹಕ್ಕಿ ಬಾಯಿಗಿ ಬಿದ್ದದ ನೋಡು.” ಮೊಮ್ಮಗಳು, “ಹೌದು ಆಯಿ, ಅವಕ್ಕ ಇದು ಭಾಳ ಸೇರ್ತದ” ಎಂದಳು. “ಸೇರದ ಏನು? ನಾವೇನು ಸುಮ್ನ ಚಟ್ನಿ ಕುಟ್ಟತೀವಿ? ಒಂದ್ ಬೊಗಸಿ ಕೊಡ್ತಾರೇನ್ ಕೇಳು!” ಹಕ್ಕಿಗೆಂದು ಮಾರುವ ಕಾಳು ಮನುಷ್ಯರ ಅಡುಗೆಗಲ್ಲವೆಂದು ತಿಳಿಸಿ ಹೇಳುವಷ್ಟರಲ್ಲಿ ಮೊಮ್ಮಗಳಿಗೆ ಸಾಕಾಯಿತು. ಅಷ್ಟು ದಿನ ಬೇಸರವೆನಿಸಿದ್ದ ಹಿಮದಲ್ಲಿ ಅಜ್ಜಿ ಮಾತ್ರ ಅಂದು ಬಹಳ ಹೊತ್ತು ನಿಂತರು.

ಕಾಳು ನಿಂತರೆ ಹಕ್ಕಿ ಸಾಯುವುದೆ?

ಕಾಳು ಹಾಕಲು ತೊಡಗಿದವರನ್ನೆಲ್ಲ ಒಂದಲ್ಲ ಒಂದು ದಿನ ಈ ಚಿಂತೆ ಕಾಡುತ್ತದೆ. ರಜೆಯಲ್ಲಿ ಊರಿಗೆ ಹೊರಟರೆ ಹಕ್ಕಿಗಳ ಗತಿಯೇನು?

ಮಿಶಿಗನ್ನಿನ ನೆರೆಯ ವಿಸ್ಕಾನ್ಸಿನ್ನಿನಲ್ಲಿ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿಗಳು ಚಿಕಡೀಗಳ ಕಾಲಿಗೆ ಬಳೆ ತೊಡಿಸಿ ಇದನ್ನು ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಕಾಳಿನ ಗೂಡು ಸಿಕ್ಕ ಹಕ್ಕಿಗಳಲ್ಲಿ ಚಳಿಗಾಲ ದಾಟಿ ಬದುಕುಳಿದವು ಶೇ 69. ಸಿಗದವುಗಳಲ್ಲಿ ಶೇ 37. ವ್ಯತ್ಯಾಸ ಮೂಡಿದ್ದು ಕಡು ಚಳಿಯ ತಿಂಗಳುಗಳಲ್ಲಿ. ಚಳಿ ಸಾಧಾರಣವಾಗಿದ್ದ ತಿಂಗಳುಗಳಲ್ಲಿ ಎರಡೂ ಗುಂಪುಗಳ ಸ್ಥಿತಿ ಒಂದೇ ತೆರನಾಗಿತ್ತು. ಗೂಡಿನ ಕಾಳು ಸಿಗುತ್ತಿದ್ದಾಗಲೂ ಹಕ್ಕಿ ತನ್ನ ದಿನದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನಷ್ಟೇ ಅಲ್ಲಿಂದ ಪಡೆಯುತ್ತಿತ್ತು. ಉಳಿದದ್ದೆಲ್ಲ ಕಾಡಿನದು.

1992ರಲ್ಲಿ ಬಂದ ಅವರ ಇನ್ನೊಂದು ಅಧ್ಯಯನ ಚಿಂತೆಗೆ ನೇರ ಉತ್ತರ ಕೊಟ್ಟಿತು. 25 ವರ್ಷ ಕಾಳು ಹಾಕಿದ್ದ ಜಾಗವೊಂದರಲ್ಲಿ ಗೂಡುಗಳನ್ನು ತೆಗೆದುಬಿಟ್ಟರು. ಕಾಳು ಕಂಡೇ ಇರದ ಕಾಡಿನ ಚಿಕಡೀಗಳು ಎಷ್ಟು ಉಳಿದವೋ ಇಲ್ಲಿಯವೂ ಅಷ್ಟೇ ಉಳಿದವು. ಅನ್ನ ಹಾಕಿದವರ ಹಂಗಿಗೆ ಅವು ಬಿದ್ದಿರಲಿಲ್ಲ.

ಕಾಳಿನ ಮಿತಿ ಎದ್ದು ಕಾಣುವುದು ವಸಂತದಲ್ಲಿ. ಚಿಕಡೀ ತನ್ನ ಮರಿಗಳಿಗೆ ಉಣಿಸುವುದು ಕಂಬಳಿಹುಳುಗಳನ್ನು. ಒಂದು ಗೂಡಿನ ಮರಿಗಳು ಹಾರುವ ಹೊತ್ತಿಗೆ 6,000ದಿಂದ 9,000 ಹುಳು ಬೇಕೆಂದು ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿ ಬರೆಯುತ್ತಾರೆ. ಅಷ್ಟು ಹುಳು ಸಿಗಬೇಕಾದರೆ ಓಕ್‌ನಂಥ ಆ ಮಣ್ಣಿನದೇ ಮರಗಳಿರಬೇಕು. ಅಂಗಡಿಯ ಯಾವ ಚೀಲದಲ್ಲೂ ಅದು ಸಿಗುವುದಿಲ್ಲ. ಹಾಗಾಗಿ ಕಾಳು ಹಾಕುವವರಿಗೆ ನಿಸರ್ಗ ಕೇಂದ್ರಗಳು ಒಂದು ಓಕ್ ಸಸಿ ನೆಡಿ ಎಂದೂ ಹೇಳುತ್ತವೆ.

ಉಪಕಾರಕ್ಕೆ ಹೋಗಿ ಅಪಕಾರವಾಗುವುದೂ ಉಂಟು. ಹತ್ತಾರು ಹಕ್ಕಿ ಒಂದೇ ತಟ್ಟೆಗೆ ಬಾಯಿ ಹಾಕಿದರೆ ರೋಗ ಹರಡುತ್ತದೆ. 2020-21ರ ಚಳಿಗಾಲದಲ್ಲಿ ಉತ್ತರದಿಂದ ದಂಡುಗಟ್ಟಿ ಬಂದ ಪೈನ್ ಸಿಸ್ಕಿನ್ ಹಕ್ಕಿಗಳಿಗೆ ಸಾಲ್ಮೊನೆಲ್ಲಾ ತಗುಲಿ, ಹಲವು ರಾಜ್ಯಗಳಲ್ಲಿ ಗೂಡು ಇಳಿಸಿಬಿಡಿ ಎಂದು ಜನರಿಗೆ ಹೇಳಬೇಕಾಯಿತು. ಎರಡು ವಾರಕ್ಕೊಮ್ಮೆ ಗೂಡು ಉಜ್ಜಿ ತೊಳೆದು ಒಣಗಿಸಬೇಕು, ಬೂಷ್ಟು ಹಿಡಿದ ಕಾಳು ಎಸೆಯಬೇಕು. ಕಿಟಕಿ ಗಾಜು ಇನ್ನೊಂದು ಕಂಟಕ. ಅಮೆರಿಕದಲ್ಲಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳ ಅಂದಾಜು ವರ್ಷಕ್ಕೆ 36 ಕೋಟಿಯಿಂದ ಸುಮಾರು 100 ಕೋಟಿ. ಗೂಡು ಒಂದೋ ಗಾಜಿಗೆ ಮೂರಡಿಯೊಳಗೆ ಇರಬೇಕು, ಇಲ್ಲವೇ ಮೂವತ್ತಡಿ ಆಚೆಗೆ. ಮೂರಡಿಯೊಳಗಿದ್ದರೆ ಹೆದರಿ ಹಾರಿದ ಹಕ್ಕಿಗೆ ಪೆಟ್ಟಾಗುವಷ್ಟು ವೇಗ ಬಂದಿರುವುದಿಲ್ಲ. ಬೆಕ್ಕು ಸಾಕಿದವರು ಅದನ್ನು ಮನೆಯೊಳಗೇ ಇರಿಸಿಕೊಳ್ಳಬೇಕು. ಕೈಯಿಂದ ತಿನ್ನಿಸುವ ನಿಯಮಗಳೂ ಕಡೆಕಡೆಗೆ ಬೇರೆ, ಕಾಲಕಾಲಕ್ಕೆ ಬದಲಾಗುತ್ತವೆ. ಕೇಳಿಕೊಂಡೇ ಜೇಬಿನಿಂದ ಕಾಳು ತೆಗೆಯುವುದು ಒಳ್ಳೆಯದು.

ಹೆಜ್ಜೆ ಗುರುತು, ಗೂಬೆ ಕೂಗು, ಮೇಪಲ್ ಪಾಕ

ಕಾಳು ಹಾಕಿ ಬೆಚ್ಚಗೆ ಒಳಗೆ ಕೂತರೆ ಚಳಿಗಾಲ ಮುಗಿಯದು. ಹಿಮ ಆಳವಾಗಿ ಬಿದ್ದ ದಿನ ನಿಸರ್ಗ ಕೇಂದ್ರಗಳಲ್ಲಿ ಸ್ನೋಶೂ ಕಟ್ಟಿಕೊಂಡು ನಡೆಯುವ ಗುಂಪುಗಳು ಹೊರಡುತ್ತವೆ. ಅಗಲವಾದ ಈ ಮೆಟ್ಟು ತೂಕವನ್ನು ಹರಡಿ ಕಾಲು ಹೂತುಹೋಗದಂತೆ ತಡೆಯುತ್ತದೆ. ಹಿಮದ ಮೇಲೆ ರಾತ್ರಿಯ ವ್ಯವಹಾರವೆಲ್ಲ ಬರೆದಿರುತ್ತದೆ: ಮೊಲ ಕುಪ್ಪಳಿಸಿದ್ದು, ನರಿ ಒಂದೇ ಗೆರೆಯಲ್ಲಿ ನಡೆದುಹೋದದ್ದು, ಇಲಿ ಓಡಿದ ಗೆರೆ ಥಟ್ಟನೆ ನಿಂತು ಅಕ್ಕಪಕ್ಕ ರೆಕ್ಕೆಯ ಅಚ್ಚು ಮೂಡಿದ್ದು. ಇಲಿಗಳು ಬಹಳಷ್ಟು ಹೊತ್ತು ಹಿಮದ ಅಡಿಯಲ್ಲೇ ಸುರಂಗ ಮಾಡಿಕೊಂಡಿರುತ್ತವೆ. ಮೇಲೆ ಎಷ್ಟೇ ಕೊರೆದರೂ ದಪ್ಪ ಹಿಮದಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಒಣಗಿ ನಿಂತ ಗೋಲ್ಡನ್‌ರಾಡ್ ಗಿಡಗಳ ಕಾಂಡದಲ್ಲಿ ಗೋಲಿಯಷ್ಟು ಗಾತ್ರದ ಗಂಟುಗಳು ಕಾಣುತ್ತವೆ. ಒಳಗೊಂದು ನೊಣದ ಮರಿಹುಳು ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಚಳಿ ತಡೆಯುತ್ತಿರುತ್ತದೆ. ಗಂಟಿನ ಮೇಲಿನ ತೂತು ನೋಡಿ ಉಂಡವರಾರೆಂದು ಹೇಳುವುದು ಮಕ್ಕಳಿಗೊಂದು ಆಟ. ಅಚ್ಚುಕಟ್ಟಾದ ತೂತಾದರೆ ಮರಕುಟಿಗ, ಒರಟೊರಟಾಗಿ ಹರಿದಿದ್ದರೆ ಚಿಕಡೀ.

ಕತ್ತಲಾದ ಮೇಲೆ ಗೂಬೆ ನಡಿಗೆ. ಕೊಂಬುಗೂಬೆಗಳು ಡಿಸೆಂಬರ್, ಜನವರಿಯಲ್ಲೇ ಜೋಡಿಯಾಗಿ, ಹಿಮ ಬೀಳುತ್ತಿರುವಾಗಲೇ ಮೊಟ್ಟೆಗೆ ಕೂರುತ್ತವೆ. ಮರಿಗಳು ದೊಡ್ಡವಾಗುವ ಹೊತ್ತಿಗೆ ವಸಂತ ಬಂದು ಬೇಟೆಗೆ ಬರವಿರುವುದಿಲ್ಲ. ಟಾರ್ಚು ಆರಿಸಿ, ಮಾತು ನಿಲ್ಲಿಸಿ, ಒಂದು ಕೂಗಿಗಾಗಿ ಇಪ್ಪತ್ತು ಮೂವತ್ತು ಜನ ಕಾಯುತ್ತಾರೆ. ಎಷ್ಟೋ ರಾತ್ರಿ ಗೂಬೆ ಕೂಗುವುದೇ ಇಲ್ಲ. ಟಿಕೆಟ್ಟಿನ ದುಡ್ಡು ವಾಪಸು ಕೇಳಿದವರಂತೂ ಕಡಿಮೆ.

ಚಳಿಗಾಲ ಮುಗಿಯುತ್ತಾ ಬಂದಂತೆ ಮೇಪಲ್ ಪಾಕದ ಸಂಭ್ರಮ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇರುವ ಫೆಬ್ರುವರಿ ಕೊನೆ, ಮಾರ್ಚ್ ದಿನಗಳಲ್ಲಿ ಶುಗರ್ ಮೇಪಲ್ ಮರದಲ್ಲಿ ರಸ ಏರುತ್ತದೆ. ಮರಕ್ಕೆ ತೂತು ಕೊರೆದು ನಳಿಕೆ ಸಿಕ್ಕಿಸಿ, ತೊಟ್ಟಿಕ್ಕುವ ರಸವನ್ನು ಬಕೆಟ್ಟಿಗೆ ಹಿಡಿದು, ದೊಡ್ಡ ಬಾಣಲೆಯಲ್ಲಿ ಕಾಯಿಸುತ್ತಾರೆ. ಸುಮಾರು 40 ಲೀಟರ್ ರಸಕ್ಕೆ 1 ಲೀಟರ್ ಪಾಕ. ಹೊಗೆ, ಆವಿ, ಸಿಹಿ ವಾಸನೆ, ಬೊಗಸೆಯೊಡ್ಡಿ ಸುತ್ತುವ ಮಕ್ಕಳು. ಮಂಡ್ಯದ ಆಲೆಮನೆ ಕಂಡವರಿಗೆ ಇಲ್ಲಿ ಹೊಸದೆನಿಸುವುದು ಚಳಿಯೊಂದೇ. ಈ ವಿದ್ಯೆ ಅಲ್ಲಿಯ ಅನಿಶಿನಾಬೆ ಮೊದಲಾದ ಮೂಲನಿವಾಸಿಗಳದು. ಬಿಳಿಯರು ಕಲಿತದ್ದು ಅವರಿಂದ.

ಬಂದೂಕು ಇಳಿಸಿ ಲೆಕ್ಕ ಹಿಡಿದರು

ಈ ಎಲ್ಲ ಚಟುವಟಿಕೆಗಳ ನಡುವೆ ಹೆಚ್ಚು ಬಾಳಿಕೆ ಬಂದದ್ದು ಎಣಿಕೆ. 19ನೇ ಶತಮಾನದ ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಎರಡು ತಂಡಗಳಾಗಿ ಕಾಡಿಗೆ ಹೋಗಿ, ಕಂಡದ್ದನ್ನೆಲ್ಲ ಹೊಡೆದು, ಹೆಚ್ಚು ರಾಶಿ ಹಾಕಿದವರು ಗೆದ್ದರೆನ್ನುವ ಆಟವಿತ್ತು. ಪಕ್ಷಿವಿಜ್ಞಾನಿ ಫ್ರಾಂಕ್ ಚಾಪ್‌ಮನ್ 1900ರಲ್ಲಿ ಅದಕ್ಕೊಂದು ಬದಲಿ ಸೂಚಿಸಿದರು. ಹೋಗಿ, ಹೊಡೆಯದೆ ಎಣಿಸಿ ಬನ್ನಿ. ಆ ವರ್ಷ ಡಿಸೆಂಬರ್ 25ರಂದು 27 ಜನ ಎಣಿಸಿದರು. ಕ್ರಿಸ್‌ಮಸ್ ಹಕ್ಕಿ ಎಣಿಕೆ ಅಂದಿನಿಂದ ನಡೆದುಕೊಂಡು ಬಂದಿದೆ. ಈಗ ಡಿಸೆಂಬರ್ 14ರಿಂದ ಜನವರಿ 5ರೊಳಗೆ, 15 ಮೈಲಿ ವ್ಯಾಸದ ವೃತ್ತಗಳಲ್ಲಿ, ಹತ್ತಾರು ಸಾವಿರ ಜನ ಎಣಿಸುತ್ತಾರೆ.

ಕಾಡಿಗೆ ಹೋಗಲಾಗದವರಿಗೆ ಕಿಟಕಿಯೇ ಸಾಕು ಎಂದದ್ದು ‘ಫೀಡರ್‌ವಾಚ್’. ಕೆನಡಾದ ಒಂಟಾರಿಯೊದಲ್ಲಿ 1976ರಲ್ಲಿ ಶುರುವಾದ ಈ ಸಮೀಕ್ಷೆ 1987ರಲ್ಲಿ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಜೊತೆಗೂಡಿ ಖಂಡವನ್ನೆಲ್ಲ ಆವರಿಸಿತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಎರಡು ದಿನ ಬೆನ್ನುಬೆನ್ನಿಗೆ, ಗೂಡಿಗೆ ಬಂದ ಹಕ್ಕಿಗಳನ್ನು ಬರೆದುಕೊಳ್ಳಬೇಕು. ಬಂದು ಹೋಗಿ ಬಂದು ಹೋಗಿ ಮಾಡುವ ಒಂದೇ ಚಿಕಡೀಯನ್ನು ಹತ್ತು ಸಲ ಎಣಿಸದಿರಲು ಒಂದು ಉಪಾಯ: ಒಂದು ಜಾತಿಯ ಹಕ್ಕಿ ಒಮ್ಮೆಗೇ ಹೆಚ್ಚೆಂದರೆ ಎಷ್ಟು ಕಂಡವೋ ಅಷ್ಟನ್ನೇ ಬರೆಯುವುದು. ನಿವೃತ್ತರು, ಗಾಲಿಕುರ್ಚಿಯಲ್ಲಿರುವವರು, ಶಾಲೆಯ ಮಕ್ಕಳು ಎಲ್ಲರಿಗೂ ಇದು ಎಟುಕುವ ಕೆಲಸ. ನಿಸರ್ಗ ಕೇಂದ್ರಗಳ ಕಿಟಕಿಯ ಬಳಿ ಕುರ್ಚಿ, ದುರ್ಬೀನು, ಹಾಳೆ, ಪೆನ್ಸಿಲ್ ಸಿದ್ಧವಿರುತ್ತವೆ.

ಇಂಥ ಹಾಳೆಗಳಿಂದ ತಿಳಿದದ್ದು ಸಣ್ಣದಲ್ಲ. ಪಶ್ಚಿಮದ ಹೌಸ್ ಫಿಂಚ್ ಹಕ್ಕಿಗಳನ್ನು ನ್ಯೂಯಾರ್ಕಿನ ವ್ಯಾಪಾರಿಗಳು ಕದ್ದುಮುಚ್ಚಿ ಮಾರುತ್ತಿದ್ದು, ಕಾನೂನಿಗೆ ಹೆದರಿ 1940ರಲ್ಲಿ ಬಿಟ್ಟುಬಿಟ್ಟರು. ಅವು ಬೆಳೆದು ಪೂರ್ವ ರಾಜ್ಯಗಳನ್ನೆಲ್ಲ ತುಂಬಿದವು. 1994ರ ಚಳಿಗಾಲದಲ್ಲಿ ವಾಷಿಂಗ್ಟನ್ ಸುತ್ತಮುತ್ತ ಕಣ್ಣು ಊದಿದ, ಕುರುಡಾದ ಫಿಂಚ್‌ಗಳು ಕಾಳಿನ ಗೂಡುಗಳ ಬಳಿ ಕಂಡವು. ಕೋಳಿಗಳಿಗೆ ಬರುವ ಬ್ಯಾಕ್ಟೀರಿಯಾ ಹಕ್ಕಿಗೆ ದಾಟಿತ್ತು. ರೋಗ ರಾಜ್ಯದಿಂದ ರಾಜ್ಯಕ್ಕೆ ಹೇಗೆ ಸಾಗಿತೆಂದು ಹೆಜ್ಜೆ ಹೆಜ್ಜೆಗೆ ತಿಳಿದದ್ದು ಕಿಟಕಿಯ ಬಳಿ ಕೂತವರು ಬರೆದು ಕಳಿಸಿದ ಚೀಟಿಗಳಿಂದ. ಕಾಡುಪ್ರಾಣಿಗಳಲ್ಲಿ ಹರಡಿದ ರೋಗವೊಂದರ ಜಾಡು ಇಷ್ಟು ವಿವರವಾಗಿ ಸಿಕ್ಕಿದ್ದು ಅಪರೂಪ.

2019ರಲ್ಲಿ ಹೊರಬಿದ್ದ ಇನ್ನೊಂದು ಲೆಕ್ಕ ಎಲ್ಲರ ನಿದ್ದೆಗೆಡಿಸಿತು. 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಹಿಮ ಕೆದರಿ ಬರಗು ಹೆಕ್ಕುವ ಆ ಜಂಕೊಗಳೇ 16 ಕೋಟಿಗೂ ಹೆಚ್ಚು ಇಲ್ಲವಾಗಿವೆ. ಇನ್ನೂ ಎಲ್ಲೆಲ್ಲೂ ಕಾಣುವ ಹಕ್ಕಿ ಒಳಗೊಳಗೇ ಕರಗುತ್ತಿದೆಯೆಂದು ಕಣ್ಣಂದಾಜಿಗೆ ಹೊಳೆಯುವಂತಿರಲಿಲ್ಲ. ಕ್ರಿಸ್‌ಮಸ್ ಎಣಿಕೆಯಂಥ ದಶಕಗಳ ಲೆಕ್ಕ ಬೇಕಾಯಿತು.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಡು ಚಳಿಯ ಕೆಲವು ರಾತ್ರಿಗಳನ್ನು ಬಿಟ್ಟರೆ ಕಾಳಿನಿಂದ ಹಕ್ಕಿಗೆ ಆಗುವ ಲಾಭ ಅಲ್ಪ. ಹಾಕಿದವರಿಗೆ ಮಾತ್ರ ನೋಡುವ ಅಭ್ಯಾಸ ಹತ್ತುತ್ತದೆ. ನೋಡಿದವರು ಎಣಿಸುತ್ತಾರೆ, ಎಣಿಸಿದವರಿಗೆ ಕಡಿಮೆಯಾದದ್ದು ಗೊತ್ತಾಗುತ್ತದೆ. ಊರಂಚಿನ ಕಾಡಿಗಾಗಿ ತೆರಿಗೆ ಕೊಡಲು ಒಪ್ಪುವ ಮತದಾರರು ತಯಾರಾಗುವುದು ಹೀಗೆಯೇ.

ನಮ್ಮ ಚಳಿಗಾಲದ ಲೆಕ್ಕವೇ ಬೇರೆ

ಹಾಗೆಂದು ಪ್ಲಾಸ್ಟಿಕ್ ಗೂಡು ತರಿಸಿ ಬಾಲ್ಕನಿಗೆ ನೇತುಹಾಕುವ ಅಗತ್ಯ ನಮಗಿಲ್ಲ. ಮಿಶಿಗನ್ನಿನಲ್ಲಿ ಜನವರಿ ಬರಗಾಲದ ತಿಂಗಳಾದರೆ ನಮ್ಮಲ್ಲಿ ಅದು ಸುಗ್ಗಿ. ಕಣದಲ್ಲಿ ಕಾಳು, ಆಲದಲ್ಲಿ ಹಣ್ಣು, ಹೊಲದಲ್ಲಿ ಹುಳು. ಆ ಹೊತ್ತಿಗೆ ಹಕ್ಕಿಗಳೇ ಚಳಿ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ನೀರಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಸೂರಿನಡಿ ಭತ್ತದ ತೆನೆ ಕಟ್ಟಿ ಗುಬ್ಬಿಗೆ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ತೆನೆ ಮುಗಿದರೆ ಮುಗಿಯಿತು, ಅದಕ್ಕೊಂದು ಮಿತಿ ಇತ್ತು. ನಗರದ ವೃತ್ತಗಳಲ್ಲಿ ಮೂಟೆಗಟ್ಟಲೆ ಜೋಳ ಸುರಿದು ಪಾರಿವಾಳ ಸಾಕುವುದು ಬೇರೆಯೇ ಕಥೆ. ಅದರಿಂದ ಒಂದೇ ಜಾತಿ ಉಬ್ಬುತ್ತದೆ, ಹಿಕ್ಕೆಯ ಧೂಳು ಕೆಲವರಿಗೆ ಶ್ವಾಸಕೋಶದ ರೋಗ ತರುತ್ತದೆ. ನಮ್ಮ ಹಕ್ಕಿಗಳಿಗೆ ಕಷ್ಟವಾಗುವುದು ಏಪ್ರಿಲ್ ಬಿಸಿಲಿನಲ್ಲಿ. ಆಗ ದಿನಾ ತೊಳೆದು ತುಂಬಿದ ಒಂದು ಮಣ್ಣಿನ ಬಟ್ಟಲು ನೀರು, ವರ್ಷಪೂರ್ತಿ ಒಂದು ಅತ್ತಿ ಮರವೋ ಗಸಗಸೆ ಹಣ್ಣಿನ ಮರವೋ ಇದ್ದರೆ ಸಾಕು.

ತರಿಸಿಕೊಳ್ಳಬೇಕಾದದ್ದು ಎಣಿಸುವ ಅಭ್ಯಾಸ, ಅದೀಗಾಗಲೇ ಬಂದಿದೆ. ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ನಕ್ಷೆ ಮಾಡಿದರು. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂಬ ಹುಯಿಲಿಗೆ 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಉತ್ತರ ಕೊಟ್ಟಿತು: ದೇಶದಲ್ಲಿ ಒಟ್ಟಾರೆ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ. 2023ರ ವರದಿಗೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ದಾಖಲೆಗಳು ಆಧಾರವಾದವು.

ಪ್ರತಿ ಫೆಬ್ರುವರಿ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಇದಕ್ಕೆ ಭಾರತ 2013ರಲ್ಲಿ ಸೇರಿತು. ಮಾಳಿಗೆಯ ಮೇಲೆ, ಕೆರೆ ಏರಿಯ ಮೇಲೆ, ಶಾಲೆಯ ಅಂಗಳದಲ್ಲಿ 15 ನಿಮಿಷ ನಿಂತು ಕಂಡದ್ದನ್ನು ‘ಇಬರ್ಡ್’ ಜಾಲತಾಣದಲ್ಲಿ ದಾಖಲಿಸಿದರಾಯಿತು. ಅಪರೂಪದ ಹಕ್ಕಿ ಕಾಣಬೇಕೆಂದೇನಿಲ್ಲ. ಕಾಗೆ, ಮೈನಾ, ಗಿಳಿ, ಪಾರಿವಾಳ ಎಂದು ಬರೆದರೂ ಸಾಕು. ಆ ಪಟ್ಟಿಯಲ್ಲಿ ಗುಬ್ಬಿ ಇಲ್ಲದಿದ್ದರೆ ಅದೂ ಲೆಕ್ಕವೇ.